ಬಿಳಿ ಗರಿಗೆ ಯೂರಿಯಾ ಹಾಕಬೇಡಿ

ಹದಿನೈದು ದಿನದ ಹಿಂದೆ ಮಾಯಕೊಂಡದ ಹತ್ತಿರದ ಹಳ್ಳಿಯಿಂದ ನಮ್ಮ ನೆಂಟರೊಬ್ಬರು ಫೋನ್ ಮಾಡಿದ್ದರು. ನನಗಿಂತ ದೊಡ್ಡವರು, ಅಣ್ಣ ಅಂತ ಕರೆಯುತ್ತೇನೆ. "ತಮ್ಮಾ, ಮೆಕ್ಕೆಜೋಳ ಬಿತ್ತಿ ಇಪ್ಪತ್ತು ದಿನ ಆತು. ಒಂದು ಕಡೆ ಗರಿ ಎಲ್ಲ ಬೆಳ್ಳಗೆ ಆಗೈತಿ. ಅಂಗಡಿಯೋರು ಇನ್ನೊಂದು ಚೀಲ ಯೂರಿಯಾ ಹಾಕು ಅಂತಾರೆ. ಹಾಕ್ಲಾ?" ಅಂದರು. ಫೋಟೋ ಕಳಿಸಿ ಅಣ್ಣ, ಫೋಟೋ ನೋಡುವವರೆಗೂ ಏನೂ ಹಾಕಬೇಡಿ ಅಂದೆ.

ಫೋಟೋ ಬಂತು. ನೋಡಿದ ಕೂಡಲೇ ಗೊತ್ತಾಯಿತು. ಆರು ವರ್ಷದ ಹಿಂದೆ ನನ್ನ ಹೊಲದಲ್ಲೂ ಇದೇ ಗರಿ, ಇದೇ ಬಿಳುಪು. ಆಗ ನನಗೂ ಯೂರಿಯಾ ಹಾಕು ಅಂತಲೇ ಹೇಳಿದ್ದರು. ನಾನು ಹಾಕಿಯೂ ಬಿಟ್ಟಿದ್ದೆ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಪ್ರತಿ ಮುಂಗಾರಿನಲ್ಲಿ ಇದೇ ಪ್ರಶ್ನೆ ಹತ್ತಾರು ಜನ ಕೇಳುತ್ತಾರೆ, ಪ್ರತಿ ಸಲ ಫೋನಲ್ಲಿ ಅರ್ಧಂಬರ್ಧ ಹೇಳಿ ಮುಗಿಸಿಬಿಡುತ್ತೇನೆ.

ಮೊದಲು ಆ ಗರಿ ಹೇಗಿತ್ತು ಅಂತ ಹೇಳುತ್ತೇನೆ. ಎಳೆಯ ಗರಿ, ಅಂದರೆ ಸುಳಿಯಿಂದ ಈಗ ತಾನೇ ಹೊರಗೆ ಬಂದ ಎರಡು ಮೂರು ಗರಿ. ಗರಿಯ ಬುಡದ ಕಡೆಯಿಂದ ಶುರುವಾಗಿ, ನಡುನರದ ಎರಡೂ ಪಕ್ಕಕ್ಕೆ ಅಗಲವಾದ ಬಿಳಿ ಪಟ್ಟೆ. ಸುಣ್ಣದ ಬ್ರಷ್ ಎಳೆದ ಹಾಗೆ. ಆದರೆ ನಡುನರ ಹಸಿರಾಗೇ ಇದೆ, ಗರಿಯ ಅಂಚು ಹಸಿರಾಗೇ ಇದೆ, ತುದಿಯೂ ಹಸಿರು. ಗಿಡ ಗಿಡ್ಡ. ಗಿಣ್ಣು ಗಿಣ್ಣಿನ ನಡುವೆ ಅಂತರವೇ ಇಲ್ಲ, ಗರಿಗಳೆಲ್ಲ ಒಂದರ ಮೇಲೊಂದು ಒತ್ತಿಕೊಂಡು ಬೀಸಣಿಗೆ ಥರ ಕೂತಿವೆ. ಇದು ಜಿಂಕ್ ಕೊರತೆ. ಜಿಂಕ್ ಅಂದರೆ ಸತು. ಕೊರತೆ ಜಾಸ್ತಿ ಆದಾಗ ಸುಳಿಯೇ ಬೆಳ್ಳಗೆ ಬರುತ್ತದೆ, ಅದಕ್ಕೆ ಬಿಳಿ ಸುಳಿ ಅಂತ ಕರೆಯುವುದು.

ಯೂರಿಯಾ ಬೇಕಾದ ಗಿಡ ಹೀಗಿರುವುದಿಲ್ಲ. ಯೂರಿಯಾ ಕೊಡುವುದು ಸಾರಜನಕ, ಅದು ಕಡಿಮೆ ಆದರೆ ಕೆಳಗಿನ ಹಳೇ ಗರಿ ಮೊದಲು ಹಳದಿಯಾಗುತ್ತದೆ. ಅದೂ ತುದಿಯಿಂದ ಶುರುವಾಗಿ ನಡುನರದ ಗುಂಟ ಬುಡದ ಕಡೆಗೆ ಬಾಣದ ಮೊನೆ ಥರ ಇಳಿಯುತ್ತದೆ. ಗಿಡ ಹಳೇ ಗರಿಯಲ್ಲಿರುವ ಸಾರಜನಕವನ್ನು ಕಿತ್ತು ಎಳೇ ಗರಿಗೆ ಕೊಡುತ್ತದೆ, ತಾಯಿ ತಾನು ಉಣ್ಣದೆ ಮಗುವಿಗೆ ಉಣಿಸಿದ ಹಾಗೆ. ಜಿಂಕ್ ಹಾಗೆ ಸುಲಭಕ್ಕೆ ಜಾಗ ಬಿಟ್ಟು ಕದಲುವುದಿಲ್ಲ. ಹಳೇ ಗರಿಯಲ್ಲಿ ಇದ್ದದ್ದು ಅಲ್ಲೇ ಇರುತ್ತದೆ, ಹೊಸ ಗರಿಗೆ ಬೇರಿನಿಂದಲೇ ಬರಬೇಕು. ಬರದಿದ್ದರೆ ಹೊಸ ಗರಿಯೇ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಬಣ್ಣ ಅಲ್ಲ, ಯಾವ ಗರಿ ಅನ್ನೋದು. ಮೇಲಿನದಾ, ಕೆಳಗಿನದಾ? ಇದೊಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಗೊಂದಲ ಇದೆ. ನಮ್ಮ ಕಡೆ ಕೇದಿಗೆ ರೋಗ ಅಂತಾರಲ್ಲ, ಅದರಲ್ಲೂ ಗರಿ ಬೆಳ್ಳಗಾಗುತ್ತದೆ. ಅದು ಶಿಲೀಂಧ್ರದ ರೋಗ, ಜಿಂಕ್ ಹೊಡೆದರೆ ಹೋಗುವುದಿಲ್ಲ. ಅದು ಇಲ್ಲೊಂದು ಗಿಡ ಅಲ್ಲೊಂದು ಗಿಡ ಅಂತ ಬಿಡಿಬಿಡಿಯಾಗಿ ಕಾಣಿಸುತ್ತದೆ, ಪಕ್ಕದ ಗಿಡ ಗಟ್ಟಿಮುಟ್ಟಾಗಿರುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಹೋಗಿ ಗರಿಯನ್ನು ಮಗುಚಿ ನೋಡಿ, ಹಿಂಭಾಗದಲ್ಲಿ ಬಿಳಿ ಬೂಜು ಕಾಣುತ್ತದೆ. ಜಿಂಕ್ ಕೊರತೆ ಹಾಗಲ್ಲ, ಜಾಗದ ಮೇಲೆ ಬರುತ್ತದೆ. ಹೊಲದಲ್ಲಿ ಒಂದು ಪಟ್ಟಿ, ಒಂದು ಮೂಲೆ, ಅಲ್ಲಿರುವ ಗಿಡಗಳೆಲ್ಲ ಒಟ್ಟಿಗೇ. ಬೂಜು ಇರುವುದಿಲ್ಲ. ಅಣ್ಣನಿಗೆ ಬೆಳಿಗ್ಗೆ ಗರಿ ಮಗುಚಿ ನೋಡಿ ಅಂದೆ. ಬೂಜು ಇಲ್ಲ ಅಂದರು.

ಈಗ ನನ್ನ ಕಥೆ.

ನಮ್ಮದು ಎರಡು ತುಂಡು. ಊರ ಹಿಂದೆ ಒಂದೂವರೆ ಎಕರೆ, ಕೊಟ್ಟಿಗೆ ಗೊಬ್ಬರ ಎಲ್ಲ ಮೊದಲಿಂದ ಅದಕ್ಕೇ ಬೀಳುತ್ತಿತ್ತು, ಗಾಡಿ ಹೋಗುವುದು ಸುಲಭ ಅಂತ. ಇನ್ನೊಂದು ದೂರದ ಹೊಲ, ಎರಡೂವರೆ ಎಕರೆ ಕೆಂಪು ಮಸಾರಿ. ಮಳೆಯನ್ನೇ ನಂಬಿದ ಹೊಲ. ಅಪ್ಪನ ಕಾಲದಲ್ಲಿ ಅದರಲ್ಲಿ ಒಂದು ಕಡೆ ದಿಬ್ಬ ಇತ್ತು. ನಾನು ಬೇಸಾಯಕ್ಕೆ ಬಂದ ಮೊದಲ ವರ್ಷ ಜೆಸಿಬಿ ತರಿಸಿ ಆ ದಿಬ್ಬ ಕೆರೆಸಿ ತಗ್ಗಿಗೆ ತುಂಬಿಸಿದೆ. ಹೊಲ ಚಪ್ಪಟೆಯಾಯಿತು, ನೋಡಲು ಚೆಂದ ಆಯಿತು. ಆರಿದ್ರಾ ಮಳೆಗೆ ಬಿತ್ತಿದೆ. ಎಕರೆಗೆ ಒಂದೂವರೆ ಚೀಲ ಡಿಎಪಿ, ಅಂದರೆ ರಂಜಕ ಜಾಸ್ತಿ ಇರುವ ಗೊಬ್ಬರ, ಬೀಜದ ಜೊತೆಗೇ.

ಇಪ್ಪತ್ತನೇ ದಿನಕ್ಕೆ ದಿಬ್ಬ ಇದ್ದ ಜಾಗದಲ್ಲೆಲ್ಲ ಬಿಳಿ ಗರಿ. ಸರಿಯಾಗಿ ಜೆಸಿಬಿ ಕೆರೆದ ಅಳತೆಗೆ. ಒಂದು ವಾರ ಮೋಡ, ಜಡಿಮಳೆ ಹಿಡಿದಿತ್ತು, ಬಿಸಿಲೇ ಇರಲಿಲ್ಲ. ಗೊಬ್ಬರದ ಅಂಗಡಿಗೆ ಹೋದೆ. ಸಾರಜನಕ ಕಡಿಮೆ ಆಗಿದೆ, ಯೂರಿಯಾ ಕೊಡಿ ಅಂದರು. ಕೊಟ್ಟೆ. ಹತ್ತು ದಿನ ಆದರೂ ಹಾಗೇ. ಆಮೇಲೆ ಒಂದು ಲೀಟರ್ ಟಾನಿಕ್ ಕೊಟ್ಟರು, ಡಬ್ಬಿಯ ಮೇಲೆ ದೊಡ್ಡ ತೆನೆಯ ಚಿತ್ರ. ಅದರಲ್ಲಿ ಜಿಂಕ್ ಎಷ್ಟಿದೆ, ಬೋರಾನ್ ಎಷ್ಟಿದೆ ಅಂತ ಎಲ್ಲೂ ಬರೆದಿರಲಿಲ್ಲ. ಆಗ ನನಗೆ ಅದನ್ನು ಓದಿ ನೋಡಬೇಕು ಅಂತಲೂ ಗೊತ್ತಿರಲಿಲ್ಲ. ಅದನ್ನೂ ಹೊಡೆದೆ. ಬಿಸಿಲು ಬಂದ ಮೇಲೆ ಹೊಸ ಗರಿ ಸ್ವಲ್ಪ ಹಸಿರಾಯಿತು, ಸದ್ಯ ಗೆದ್ದೆ ಅಂದುಕೊಂಡೆ. ಆದರೆ ಆ ಪಟ್ಟಿಯ ಗಿಡ ಮೇಲೇಳಲೇ ಇಲ್ಲ. ಬೇರೆ ಕಡೆ ಸೂಲಂಗಿ, ಅಂದರೆ ಗಿಡದ ತುದಿಯ ಹೂಗೊಂಚಲು, ಹೊರಬಂದು ವಾರ ಆದ ಮೇಲೆ ಇಲ್ಲಿ ಬಂತು. ತೆನೆ ಅಂಗೈಯಷ್ಟು. ಒಕ್ಕಣೆ ಆದ ಮೇಲೆ ಅಪ್ಪ ಕಣದಲ್ಲಿ ಕೂತು ಆ ಸಣ್ಣ ತೆನೆಗಳನ್ನೇ ಬೇರೆ ಗುಡ್ಡೆ ಹಾಕಿ ಸುಮ್ಮನೆ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿದೆ. ಮಸಾರಿ ಹೊಲದಲ್ಲಿ ಜಿಂಕ್ 0.3. ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಜಿಂಕ್ 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ. ಪಿಪಿಎಂ ಅಂದರೆ ಒಂದು ಕೆ.ಜಿ. ಮಣ್ಣಿಗೆ ಇಷ್ಟು ಮಿಲಿಗ್ರಾಂ. ನಮ್ಮಲ್ಲಿ ಅದರ ಅರ್ಧ. ರಂಜಕ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಇತ್ತು, ಇಷ್ಟು ವರ್ಷ ಹಾಕಿದ ಡಿಎಪಿ ಎಲ್ಲ ಅಲ್ಲಿ ಕೂತಿತ್ತು. ಊರ ಹಿಂದಿನ ಹೊಲದಲ್ಲಿ ಜಿಂಕ್ 1.1. ಒಂದೇ ಮನೆ, ಒಂದೇ ಬೀಜ, ಒಂದೇ ಗೊಬ್ಬರದ ಅಂಗಡಿ. ವ್ಯತ್ಯಾಸ ಕೊಟ್ಟಿಗೆ ಗೊಬ್ಬರದ್ದು.

ಏನಾಗಿತ್ತು ಅಂತ ಆಮೇಲೆ ಒಂದೊಂದೇ ಅರ್ಥ ಆಯಿತು. ಜಿಂಕ್ ಇರುವುದು ಮೇಲ್ಮಣ್ಣಿನಲ್ಲಿ, ಕೊಳೆತ ಎಲೆ ಬೇರು ಗೊಬ್ಬರದ ಜೊತೆ ಅಂಟಿಕೊಂಡು. ಜೆಸಿಬಿಯಲ್ಲಿ ನಾನು ಕೆರೆಸಿ ತಗ್ಗಿಗೆ ತಳ್ಳಿದ್ದು ಅದನ್ನೇ, ಮೇಲೆ ಉಳಿದಿದ್ದು ಬರೀ ತಳದ ಮಣ್ಣು. ಅದರ ಮೇಲೆ ಡಿಎಪಿ. ರಂಜಕ ಜಾಸ್ತಿ ಆದಷ್ಟೂ ಗಿಡಕ್ಕೆ ಜಿಂಕ್ ಎಳೆದುಕೊಳ್ಳುವುದು, ಮೇಲಕ್ಕೆ ಸಾಗಿಸುವುದು ಎರಡೂ ಕಷ್ಟ. ಮೋಡ ಕವಿದ ತಣ್ಣನೆ ಹವೆಯಲ್ಲಿ ಬೇರು ಹರಡುವುದು ನಿಧಾನ, ಬೇರು ಹರಡದಿದ್ದರೆ ಇರುವ ಚೂರು ಜಿಂಕೂ ಸಿಗುವುದಿಲ್ಲ. ಬಿಸಿಲು ಬಂದ ಮೇಲೆ ಸ್ವಲ್ಪ ಹಸಿರಾಗಿದ್ದು ಟಾನಿಕ್‌ನಿಂದ ಅಲ್ಲ, ಬೇರು ಚುರುಕಾಗಿದ್ದರಿಂದ. ಅಷ್ಟರಲ್ಲಿ ಗಿಡ ಉದ್ದವಾಗುವ ಹೊತ್ತು ಕಳೆದುಹೋಗಿತ್ತು. ಗಿಣ್ಣು ಉದ್ದವಾಗಲು ಗಿಡದೊಳಗೆ ಆಕ್ಸಿನ್ ಅನ್ನೋ ಬೆಳವಣಿಗೆ ರಸ ತಯಾರಾಗಬೇಕು, ಅದಕ್ಕೆ ಜಿಂಕ್ ಬೇಕು. ಗಿಡ್ಡ ಆಗುವುದಕ್ಕೆ ಕಾರಣ ಅದೇ.

ಗಿಡಕ್ಕೆ ಜಿಂಕ್ ಬೇಕು ಅಂತ ಮೊದಮೊದಲು ಕಂಡುಕೊಂಡಿದ್ದು ಮೆಕ್ಕೆಜೋಳದಲ್ಲೇ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. ಫ್ರಾನ್ಸಿನ ಮಾಜೆ ಅನ್ನೋ ವಿಜ್ಞಾನಿ 1915ರ ಸುಮಾರಿಗೆ ಮಣ್ಣೇ ಇಲ್ಲದೆ ನೀರಿನಲ್ಲಿ ಮೆಕ್ಕೆಜೋಳ ಬೆಳೆಸಿ ತೋರಿಸಿದರು. ನಮ್ಮ ದೇಶದಲ್ಲಿ 1966ರಲ್ಲಿ ಪಂತನಗರದಲ್ಲಿ ನೆನೆ ಅನ್ನೋ ವಿಜ್ಞಾನಿ ಭತ್ತದ ಖೈರಾ ರೋಗ ನಿಜಕ್ಕೂ ರೋಗ ಅಲ್ಲ, ಜಿಂಕ್ ಕೊರತೆ ಅಂತ ತೋರಿಸಿದರು. ಅದಕ್ಕೇ ಏನೋ, ನಮ್ಮ ಭದ್ರಾ ನಾಲೆಯ ಕಡೆ, ಹರಿಹರ ಮಲೇಬೆನ್ನೂರಿನ ಕಡೆ ಭತ್ತ ಬೆಳೆಯುವವರಿಗೆ ಜಿಂಕ್ ಅಂದರೆ ಗೊತ್ತು. ಖುಷ್ಕಿಯಲ್ಲಿ ಮೆಕ್ಕೆಜೋಳ ಬೆಳೆಯುವ ನಾವು ಡಿಎಪಿ, ಯೂರಿಯಾ, ಮತ್ತೆ ಯೂರಿಯಾ, ಅಷ್ಟಕ್ಕೇ ನಿಂತಿದ್ದೇವೆ.

ಯಾರೂ ಹೇಳಿಲ್ಲ ಅಂತಲ್ಲ. 2009ರಲ್ಲಿ ಭೂಚೇತನ ಅನ್ನೋ ಯೋಜನೆ ಶುರುವಾಯಿತು, ಖುಷ್ಕಿ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆ ಜೊತೆ ಸೇರಿ ರಾಜ್ಯ ಸರ್ಕಾರ ಮಾಡಿದ್ದು. ಮೊದಲ ವರ್ಷದ ಜಿಲ್ಲೆಗಳಲ್ಲಿ ಪಕ್ಕದ ಚಿತ್ರದುರ್ಗವೂ ಇತ್ತು. ಊರೂರಿನ ಮಣ್ಣು ಪರೀಕ್ಷೆ ಮಾಡಿ ನೋಡಿದಾಗ ಖುಷ್ಕಿ ಹೊಲಗಳಲ್ಲಿ ಗಂಧಕ, ಬೋರಾನ್, ಜಿಂಕ್ ಮೂರೂ ಕಡಿಮೆ ಅಂತ ಬಂತು. ರೈತ ಸಂಪರ್ಕ ಕೇಂದ್ರದಲ್ಲಿ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾನ್ ಅರ್ಧ ಬೆಲೆಗೆ ಕೊಡುತ್ತಿದ್ದರು. ನಮ್ಮಪ್ಪನೂ ತಂದಿದ್ದರು. ಯಾವಾಗ ಹಾಕಬೇಕು, ಯಾವುದರ ಜೊತೆ ಹಾಕಬಾರದು ಅಂತ ತಿಳಿಯದೆ ಚೀಲ ಅಟ್ಟದ ಕೆಳಗೆ ಕೂತು ಕಲ್ಲಾಯಿತು. ನಾನು ಬೇಸಾಯಕ್ಕೆ ಬಂದಾಗ ಆ ಗಟ್ಟಿ ಅಲ್ಲೇ ಇತ್ತು. ಅದು ಏನು ಅಂತ ಗೊತ್ತಿದ್ದಿದ್ದರೆ ಆ ವರ್ಷ ಅಂಗಡಿಗೆ ಹೋಗುವ ಅಗತ್ಯವೇ ಇರಲಿಲ್ಲ.

ಯಾವುದರ ಜೊತೆ ಹಾಕಬಾರದು ಅಂದೆನಲ್ಲ, ಅದನ್ನು ಕಣ್ಣಾರೆ ನೋಡಬೇಕು. ಮನೆಯಲ್ಲೇ ಮಾಡಬಹುದು. ಬಿಸಾಕುವ ಎರಡು ಪ್ಲಾಸ್ಟಿಕ್ ಲೋಟ ತಗೊಳ್ಳಿ, ಕುಡಿಯುವ ಲೋಟ ಬೇಡ. ಒಂದರಲ್ಲಿ ಅರ್ಧ ಚಮಚ ಡಿಎಪಿ ಪುಡಿ ಮಾಡಿ ನೀರಲ್ಲಿ ಕರಗಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಇನ್ನೊಂದರಲ್ಲಿ ಅರ್ಧ ಚಮಚ ಜಿಂಕ್ ಸಲ್ಫೇಟ್ ಕರಗಿಸಿ, ಅದು ನೀರಿನ ಹಾಗೇ ತಿಳಿಯಾಗಿರುತ್ತದೆ. ಈಗ ಎರಡನ್ನೂ ಸೇರಿಸಿ. ಸೇರಿಸಿದ ಕೂಡಲೇ ಹಾಲು ಒಡೆದ ಹಾಗೆ ಬೆಳ್ಳಗೆ ದಪ್ಪಗೆ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಆ ಬಿಳಿ ಗಸಿ ತಳಕ್ಕೆ ಇಳಿದು ಕೂರುತ್ತದೆ. ಎಷ್ಟು ಕಲಕಿದರೂ ಮತ್ತೆ ಕರಗುವುದಿಲ್ಲ. ಅದು ಜಿಂಕ್ ಫಾಸ್ಫೇಟ್. ನೀರಲ್ಲಿ ಕರಗದ್ದನ್ನು ಬೇರು ಹೇಗೆ ಕುಡಿಯಬೇಕು? ನಾವು ದುಡ್ಡು ಕೊಟ್ಟು ತಂದ ಜಿಂಕ್ ಮತ್ತು ದುಡ್ಡು ಕೊಟ್ಟು ತಂದ ರಂಜಕ ಎರಡೂ ಒಂದನ್ನೊಂದು ಕಟ್ಟಿಹಾಕಿಕೊಂಡು ಕೂತವು. ಅವ್ವ ಆ ಲೋಟ ನೋಡಿ "ಇದನ್ನೇ ಹೊಲಕ್ಕೆ ಹಾಕ್ತಿದ್ವಾ ನಾವು?" ಅಂದರು.

ಇದೇ ಲೋಟದಿಂದ ಇನ್ನೊಂದು ಉಪಯೋಗ. ಮಾರುಕಟ್ಟೆಯಲ್ಲಿ ಜಿಂಕ್ ಸಲ್ಫೇಟ್‌ಗೆ ಮೆಗ್ನೀಷಿಯಂ ಸಲ್ಫೇಟ್ ಬೆರೆಸುವುದುಂಟು, ನೋಡಲು ಎರಡೂ ಒಂದೇ ಥರ ಹರಳು, ಬೆಲೆ ಮಾತ್ರ ಬೇರೆ. ಬರೀ ಮೆಗ್ನೀಷಿಯಂ ಇದ್ದರೆ ಡಿಎಪಿ ತಿಳಿ ಹಾಕಿದ ತಕ್ಷಣ ಇಷ್ಟು ದಪ್ಪಗೆ ಗಸಿ ಕಟ್ಟುವುದಿಲ್ಲ. ಇದು ಲ್ಯಾಬ್ ಪರೀಕ್ಷೆಗೆ ಸಮ ಅಲ್ಲ, ಅರ್ಧಕ್ಕರ್ಧ ಬೆರೆಸಿದ್ದರೆ ಗೊತ್ತಾಗಲಿಕ್ಕಿಲ್ಲ. ಆದರೆ ಪೂರ್ತಿ ಮೋಸ ಆಗಿದ್ದರೆ ಹಿಡಿಯಬಹುದು. ಚೀಲದ ಮೇಲೆ ಜಿಂಕ್ ಶೇಕಡಾ 21 ಅಂತಲೋ 33 ಅಂತಲೋ ಬರೆದಿರುತ್ತದೆ, ಅದನ್ನು ಓದಿ, ಬಿಲ್ ಕೇಳಿ ತಗೊಳ್ಳಿ. 21 ಅಂದರೆ ಹರಳಿನ ರೂಪ, 33 ಅಂದರೆ ನೀರಿನಂಶ ಕಡಿಮೆ ಇರುವ ಪುಡಿ. ಪುಡಿಯಾದರೆ ಕಡಿಮೆ ಸಾಕು.

ಮಣ್ಣಿಗೆ ಹಾಕುವುದಾದರೆ, ಪರೀಕ್ಷೆಯಲ್ಲಿ ಕೊರತೆ ಅಂತ ಬಂದಿದ್ದರೆ, ಎಕರೆಗೆ 10 ಕೆ.ಜಿ. ಹರಳಿನ ಜಿಂಕ್ ಸಲ್ಫೇಟ್. ನಾನು ಕೊನೆಯ ಕುಂಟೆ ಹೊಡೆಯುವ ಮುಂಚೆ ಎರಡು ಮೂರು ಪುಟ್ಟಿ ಒಣಗಿದ ಕೊಟ್ಟಿಗೆ ಗೊಬ್ಬರದ ಪುಡಿಗೆ ಬೆರೆಸಿ ಎರಚುತ್ತೇನೆ, ಆಮೇಲೆ ಕುಂಟೆ. ಡಿಎಪಿ ಆಮೇಲೆ ಬಿತ್ತುವಾಗ, ಬೇರೆಯಾಗಿ. ಅದನ್ನೂ ಈಗ ಕಡಿಮೆ ಮಾಡಿದ್ದೇನೆ, ಅರ್ಧದಷ್ಟು ಸೂಪರ್ ಫಾಸ್ಫೇಟ್‌ಗೆ ಬದಲಿಸಿದ್ದೇನೆ, ಅದರಲ್ಲಿ ಗಂಧಕವೂ ಸಿಗುತ್ತದೆ ಅಂತ.

ಇಲ್ಲಿ ಒಂದು ಲೆಕ್ಕ ನನಗೆ ಬಹಳ ದಿನ ತಲೆ ಕೆಡಿಸಿತ್ತು. ಒಂದು ಕೆ.ಜಿ. ಮೆಕ್ಕೆಜೋಳದ ಕಾಳಿನಲ್ಲಿ ಸುಮಾರು 20 ಮಿಲಿಗ್ರಾಂ ಜಿಂಕ್ ಇರುತ್ತದೆ. ಎಕರೆಗೆ 25 ಕ್ವಿಂಟಲ್ ಬೆಳೆದರೂ ಕಾಳಿನ ಜೊತೆ ಹೊಲ ಬಿಟ್ಟು ಹೋಗುವುದು 50 ಗ್ರಾಂ. ಒಂದು ಹಿಡಿ ಅಷ್ಟೇ! ಹಾಕುವ 10 ಕೆ.ಜಿ.ಯಲ್ಲಿ ಜಿಂಕ್ ಇರುವುದು 2 ಕೆ.ಜಿ. ಚಿಲ್ಲರೆ. 50 ಗ್ರಾಂಗೆ 2 ಕೆ.ಜಿ. ಯಾಕೆ? ಯಾಕೆಂದರೆ ಹಾಕಿದ್ದರಲ್ಲಿ ಬಹುಪಾಲು ಮಣ್ಣು ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ನಿಧಾನಕ್ಕೆ ಚೂರು ಚೂರು ಬಿಡುತ್ತದೆ. ಹಾಗಾಗಿ ಪ್ರತಿ ವರ್ಷ ಹಾಕುವ ಅಗತ್ಯ ಇಲ್ಲ, ಒಮ್ಮೆ ಹಾಕಿದರೆ ಎರಡು ಮೂರು ಬೆಳೆಗೆ ನಡೆಯುತ್ತದೆ. ಪ್ರತಿ ವರ್ಷ ಹಾಕಿ ಅಂತ ಯಾರಾದರೂ ಹೇಳಿದರೆ ಮಣ್ಣು ಪರೀಕ್ಷೆ ತೋರಿಸಿ ಅಂತ ಕೇಳಿ.

ಎರೆ ಹೊಲ, ಅಂದರೆ ಕಪ್ಪು ಮಣ್ಣು, ಅದರಲ್ಲೂ ಸುಣ್ಣದ ಹರಳು ಇರುವ ಎರೆ ಆದರೆ ಇನ್ನೂ ಕಷ್ಟ. ಮಣ್ಣಿನ ಕ್ಷಾರ ಏರಿದಷ್ಟೂ ಜಿಂಕ್ ಕರಗುವುದು ಕಡಿಮೆ. ರಸಸಾರ, ಅಂದರೆ ಮಣ್ಣಿನ ಹುಳಿ ಕ್ಷಾರ ಅಳೆಯುವ ಪಿಎಚ್, ಒಂದು ಅಂಕ ಏರಿದರೆ, ಅಂದರೆ 7 ಇದ್ದದ್ದು 8 ಆದರೆ, ಕರಗಿ ಸಿಗುವ ಜಿಂಕ್ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂಥ ಕಡೆ ಕಬ್ಬಿಣದ ಕೊರತೆಯೂ ಸೇರಿಕೊಳ್ಳುತ್ತದೆ. ಅದೂ ಎಳೇ ಗರಿಯಲ್ಲೇ ಕಾಣುತ್ತದೆ, ಆದರೆ ಅಗಲ ಪಟ್ಟೆ ಅಲ್ಲ. ಬುಡದಿಂದ ತುದಿಯವರೆಗೆ ಸಣ್ಣ ಸಣ್ಣ ಗೆರೆ, ನರ ಹಸಿರು, ನಡುವೆ ಹಳದಿ, ಇಳಕಲ್ ಸೀರೆಯ ಗೆರೆ ಥರ. ಅದಕ್ಕೆ ಮಣ್ಣಿಗೆ ಹಾಕಿ ಪ್ರಯೋಜನ ಕಡಿಮೆ, ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಗರಿಗೇ ಹೊಡೆಯಬೇಕು.

ಈಗ ಅಣ್ಣನ ಹೊಲಕ್ಕೆ ಬರೋಣ. ಬೆಳೆ ಆಗಲೇ ನಿಂತಿದೆ, ಇನ್ನು ಮಣ್ಣಿಗೆ ಹಾಕಿ ಕಾಯುವಷ್ಟು ಹೊತ್ತಿಲ್ಲ. ಗರಿಗೆ ಹೊಡೆಯಬೇಕು. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಟ್ಟ ಸುಣ್ಣ. ನಮ್ಮ ಬೆನ್ನಿನ ಪಂಪು 16 ಲೀಟರ್‌ದು ಆದರೆ ಒಂದು ಪಂಪಿಗೆ 80 ಗ್ರಾಂ ಜಿಂಕ್ ಸಲ್ಫೇಟ್, 40 ಗ್ರಾಂ ಸುಣ್ಣ. ಸುಣ್ಣ ಯಾಕೆ ಅಂದರೆ ಜಿಂಕ್ ಸಲ್ಫೇಟ್ ನೀರು ಹುಳಿ, ಹಾಗೇ ಹೊಡೆದರೆ ಎಳೇ ಗರಿ ಸುಡುತ್ತದೆ. ಸುಣ್ಣ ಆ ಹುಳಿಯನ್ನು ಮುರಿಯುತ್ತದೆ. ರಾತ್ರಿಯೇ ಸುಣ್ಣ ನೆನೆಹಾಕಿ, ಬೆಳಿಗ್ಗೆ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ ತಿಳಿ ಮಾತ್ರ ತಗೊಳ್ಳಬೇಕು, ಇಲ್ಲದಿದ್ದರೆ ನಾಜಲ್ ಕಟ್ಟಿಕೊಂಡು ಅರ್ಧ ದಿನ ಅದನ್ನು ಬಿಚ್ಚಿ ಊದುವುದೇ ಆಗುತ್ತದೆ. ಸುಣ್ಣದ ಬದಲು ಲೀಟರಿಗೆ 20 ಗ್ರಾಂ ಯೂರಿಯಾ ಹಾಕಿದರೂ ನಡೆಯುತ್ತದೆ, ಹಾಗೂ ಶಿಫಾರಸು ಇದೆ. ಇಡಿಟಿಎ ಜಿಂಕ್ ಅಂತ ಪ್ಯಾಕೆಟ್ ಸಿಗುತ್ತದೆ, ಶೇಕಡಾ 12ರದ್ದು, ಅದಕ್ಕೆ ಸುಣ್ಣ ಬೇಡ, ಲೀಟರಿಗೆ 1 ಗ್ರಾಂ ಒಳಗೆ ಸಾಕು. ಬೆಲೆ ಜಾಸ್ತಿ, ಕೆಲಸ ಸುಲಭ. ನಾನು ಸುಣ್ಣದ್ದೇ ಮಾಡುವುದು.

ಬೆಳಿಗ್ಗೆ ಅಥವಾ ಇಳಿಹೊತ್ತು ಹೊಡೆಯಬೇಕು, ನಡು ಬಿಸಿಲಲ್ಲಿ ಬೇಡ. ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಂದು ಸಲ. ಇನ್ನೊಂದು ಮಾತು, ಇದು ಮುಖ್ಯ. 2018ರಲ್ಲಿ ಫಾಲ್ ಸೈನಿಕ ಹುಳು ಬಂತಲ್ಲ, ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅವತ್ತಿಂದ ಇಪ್ಪತ್ತನೇ ದಿನದ ಆಸುಪಾಸಿಗೆ ಸುಳಿಗೆ ಔಷಧಿ ಹೊಡೆಯದೆ ಮೆಕ್ಕೆಜೋಳವೇ ಇಲ್ಲ ಅನ್ನೋ ಹಾಗಾಗಿದೆ. ಜಿಂಕ್ ಹೊಡೆಯುವ ಹೊತ್ತೂ ಅದೇ. ಕೂಲಿ ಉಳಿಯುತ್ತದೆ ಅಂತ ಎರಡನ್ನೂ ಒಂದೇ ಪಂಪಿಗೆ ಸುರಿಯಬೇಡಿ. ಸುಣ್ಣದ ನೀರು ಸೇರಿದರೆ ಹುಳದ ಔಷಧಿ ಕೆಡಬಹುದು. ಎರಡು ದಿನ ಅಂತರ ಕೊಡಿ. ಕೂಲಿಗೆ ಆಳು ಸಿಗುವುದು ಎಷ್ಟು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಬೋರಾನ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈಗ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ತೆನೆಯ ಕೂದಲಿನ ಮೇಲೆ ಪರಾಗ ಬಿದ್ದ ಮೇಲೆ ಅದು ಕೂದಲಿನೊಳಗೆ ಎಳೆಯಂತೆ ಬೆಳೆದು ಕಾಳಿನವರೆಗೆ ಇಳಿಯಬೇಕು. ಆ ಎಳೆ ಬೆಳೆಯಲು ಬೋರಾನ್ ಬೇಕು. ಕಡಿಮೆಯಾದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ, ಅಲ್ಲಲ್ಲಿ ಬೋಳು, ತೆನೆ ಒಂದು ಕಡೆಗೆ ಬಾಗಿ ಬಾಳೆಹಣ್ಣಿನ ಥರ ಆಗುತ್ತದೆ. ಆದರೆ ತೆನೆ ತುದಿ ಬೋಳಾದರೆ ಬೋರಾನ್ ಅಂತ ಓಡಬೇಡಿ. ಸೂಲಂಗಿ ಹೊತ್ತಿಗೆ ಮಳೆ ಕೈಕೊಟ್ಟರೂ ತುದಿ ಬೋಳಾಗುತ್ತದೆ, ಸಾಲು ತೀರಾ ಒತ್ತಾದರೂ ಆಗುತ್ತದೆ. ನಮ್ಮ ಜಗಳೂರು ಚಳ್ಳಕೆರೆ ಕಡೆ ಇಂಥದ್ದು ನೋಡಿದರೆ ಮೊದಲು ನೀರಿನ ಕಡೆಗೇ ಬೆರಳು ತೋರಿಸಬೇಕು. ಬೋರಾನ್‌ನಲ್ಲಿ ಸಾಕು ಮತ್ತು ಜಾಸ್ತಿ ನಡುವೆ ಅಂತರ ಬಹಳ ಕಡಿಮೆ. ಪರೀಕ್ಷೆಯಲ್ಲಿ 0.5ಕ್ಕಿಂತ ಕಡಿಮೆ ಬಂದಿದ್ದರೆ ಎಕರೆಗೆ 2 ಕೆ.ಜಿ. ಬೋರಾಕ್ಸ್, ಅಷ್ಟೇ. ಕೈಯಳತೆಗೆ ಇನ್ನೊಂದು ಹಿಡಿ ಇರಲಿ ಅಂತ ಹಾಕಿದರೆ ಗರಿಯ ಅಂಚು ತುದಿ ಸುಟ್ಟು ಹೋಗುತ್ತದೆ. ಎಲ್ಲ ಕಡೆ ಸಮನಾಗಿ ಬೀಳಲಿ ಅಂತ ಮರಳಲ್ಲಿ ಬೆರೆಸಿ ಎರಚಿ.

ಇಷ್ಟೆಲ್ಲ ಆದ ಮೇಲೆ ಇಳುವರಿ ಎಷ್ಟು ಜಾಸ್ತಿ ಆಯಿತು ಅಂತ ಕೇಳುತ್ತೀರಿ ಅಲ್ವಾ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ ಹೇಳಿದರೆ ಅದು ಸರಿಯಾದ ಲೆಕ್ಕ ಅಲ್ಲ, ಮಳೆ ಬೇರೆ ಇರುತ್ತದೆ. ಅದಕ್ಕೆ ನಾನು ಎರಡನೇ ವರ್ಷ ಜಿಂಕ್ ಹಾಕುವಾಗ ಎರಡೂ ಹೊಲದಲ್ಲಿ ಆರಾರು ಸಾಲು ಹಾಗೇ ಬಿಟ್ಟೆ, ಗೂಟ ಹೊಡೆದು ಕೆಂಪು ದಾರ ಕಟ್ಟಿದೆ. ಅಪ್ಪನಿಗೆ ಬೇಜಾರಾಯಿತು, ಬೆಳೆಯನ್ನು ಉಪವಾಸ ಕೆಡವುತ್ತೀಯಾ ಅಂದರು. ಕಟಾವಿನ ದಿನ ಜಿಂಕ್ ಹಾಕಿದ ಒಂದು ಸಾಲು, ಬಿಟ್ಟ ಒಂದು ಸಾಲು, ಎರಡರಲ್ಲೂ ಇಪ್ಪತ್ತು ಅಡಿ ಅಳೆದು ತೆನೆ ಮುರಿದು, ಒಣಗಿಸಿ, ಕೈಯಲ್ಲೇ ಬಿಡಿಸಿ ತೂಗಿದೆ. ಮಸಾರಿ ಹೊಲದಲ್ಲಿ ಹಾಕಿದ್ದು 2 ಕೆ.ಜಿ. 100 ಗ್ರಾಂ, ಹಾಕದ್ದು 1 ಕೆ.ಜಿ. 750. ಸಾಲಿನ ಅಂತರ ಎರಡು ಅಡಿ ಅಂತ ಹಿಡಿದು ಲೆಕ್ಕ ಹಾಕಿದರೆ ಎಕರೆಗೆ ಸುಮಾರು ಮೂರೂಮುಕ್ಕಾಲು ಕ್ವಿಂಟಲ್ ವ್ಯತ್ಯಾಸ. ಊರ ಹಿಂದಿನ ಹೊಲದಲ್ಲಿ? ಏನೂ ಇಲ್ಲ. ಹಾಕಿದ್ದೂ ಅಷ್ಟೇ, ಹಾಕದ್ದೂ ಅಷ್ಟೇ, ಹಾಕದ ಸಾಲೇ ಒಂದು ಚೂರು ಮುಂದಿತ್ತು. 1.1 ಇದ್ದ ಮಣ್ಣಿಗೆ ನಾನು ಕೊಟ್ಟ ಜಿಂಕ್ ಬೇಕಾಗಿರಲೇ ಇಲ್ಲ. ಅಲ್ಲಿಗೆ ಮತ್ತೆ ಹಾಕಿಲ್ಲ. ಈಗ ಕೊಟ್ಟಿಗೆ ಗೊಬ್ಬರದ ಅರ್ಧ ದೂರದ ಹೊಲಕ್ಕೆ ಹೊಡೆಸುತ್ತಿದ್ದೇನೆ, ಟ್ರ್ಯಾಕ್ಟರ್ ಬಾಡಿಗೆ ಜಾಸ್ತಿ ಆದರೂ ಪರವಾಗಿಲ್ಲ.

ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುವಾಗ ಬಹಳ ಜನ ಒಂದು ಕಡೆ ಎಡವುತ್ತಾರೆ. 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಶುರುವಾದ ಮೇಲೆ ಜಿಂಕ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಬೋರಾನ್ ಎಲ್ಲ ಸೇರಿ 12 ಅಂಶ ನೋಡುತ್ತಾರೆ. ಆದರೆ ನಾವು ತಗಡಿನ ಬಕೆಟ್‌ನಲ್ಲಿ ಮಣ್ಣು ಕಲಸಿ ಕೊಟ್ಟರೆ? ಆ ಬಕೆಟ್‌ಗೆ ಬಳಿದಿರುವುದೇ ಜಿಂಕ್. ಇಲ್ಲದ ಜಿಂಕ್ ವರದಿಯಲ್ಲಿ ಬಂದುಬಿಡುತ್ತದೆ. ಪ್ಲಾಸ್ಟಿಕ್ ಬಕೆಟ್ ಬಳಸಿ, ತುಕ್ಕು ಹಿಡಿದ ಸಲಿಕೆ ಬೇಡ. ಬದುವಿನ ಪಕ್ಕ, ಗೊಬ್ಬರದ ಗುಂಡಿಯ ಪಕ್ಕ, ಮರದ ಬುಡ ಬಿಟ್ಟು ಎಂಟು ಹತ್ತು ಕಡೆ ಅರ್ಧ ಅಡಿ ಆಳಕ್ಕೆ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಕೊಡಿ. ಎರೆ ಬೇರೆ, ಮಸಾರಿ ಬೇರೆ, ಜೆಸಿಬಿ ಕೆರೆದ ಜಾಗ ಬೇರೆ. ಒಂದೇ ಚೀಲಕ್ಕೆ ತುಂಬಿದರೆ ಯಾವುದರ ವರದಿಯೂ ಅಲ್ಲ. ವರದಿ ಬಂದ ಮೇಲೆ ಅರ್ಥ ಆಗದಿದ್ದರೆ ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ, ಹಿರಿಯೂರು ಕಡೆಯವರು ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೂತು ಕೇಳಿ. ಗರಿ ಕಿತ್ತುಕೊಂಡೇ ಹೋಗಿ, ಫೋಟೋಗಿಂತ ಅದು ವಾಸಿ.

ಅಣ್ಣ ಮೊನ್ನೆ ಮತ್ತೆ ಫೋಟೋ ಕಳಿಸಿದ್ದಾರೆ, ಹೊಡೆದು ಒಂಬತ್ತು ದಿನಕ್ಕೆ. ಕೆಳಗಿನ ಎರಡು ಗರಿಯಲ್ಲಿ ಬಿಳಿ ಪಟ್ಟೆ ಹಾಗೇ ಇದೆ, ಅದು ಹೋಗುವುದಿಲ್ಲ, ಅದಕ್ಕೆ ಗಾಬರಿ ಬೇಡ ಅಂತ ಹೇಳಿದ್ದೆ. ಅದರ ಮೇಲಿನ ಗರಿಯಲ್ಲಿ ಬುಡದ ಹತ್ತಿರ ಮಾತ್ರ ಸ್ವಲ್ಪ ತಿಳಿ ಬಣ್ಣ. ಸುಳಿಯಿಂದ ಈಗ ಬಿಚ್ಚಿಕೊಳ್ಳುತ್ತಿರುವ ಗರಿ ಪೂರ್ತಿ ಹಸಿರು. ಇನ್ನೊಂದು ಸಲ ಹೊಡೆಯುವುದು ಈ ಭಾನುವಾರ. ಆ ಪಟ್ಟಿಯಲ್ಲಿ ಹಿಂದೆ ಏನು ಮಾಡಿಸಿದ್ದಿರಿ ಅಂತ ಕೇಳಿದೆ. ಕೃಷಿ ಹೊಂಡ ತೆಗೆಸಿದಾಗ ಬಂದ ತಳದ ಮಣ್ಣನ್ನೆಲ್ಲ ಅಲ್ಲೇ ಹರಡಿಸಿದ್ದರಂತೆ. ಕಟಾವು ಆದ ಮೇಲೆ ಪ್ಲಾಸ್ಟಿಕ್ ಬಕೆಟ್ ಹಿಡಿದುಕೊಂಡು ಬರುತ್ತೇನೆ ಅಣ್ಣ, ಆ ಜಾಗದ್ದೇ ಬೇರೆ, ಉಳಿದ ಹೊಲದ್ದೇ ಬೇರೆ ಮಣ್ಣು ತೆಗೆಯೋಣ ಅಂದಿದ್ದೇನೆ.